ಯೋಗಕ್ಷೇಮವೂ ನಮ್ಮ ಕರ್ತವ್ಯವೂ

ಕಳೆದ ಚಾತುರ್ಮಾಸ್ಯದಲ್ಲಿ ನಮ್ಮೂರ ದೇವಸ್ಥಾನದ ಜಗಲಿಯ ಮೇಲೆ ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯವನ್ನು ಹೇಳುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ಬೇರೊಂದು ಚಿಂತೆಯಿಲ್ಲದೆ ತನ್ನನ್ನು ಉಪಾಸಿಸುವವರ ಯೋಗಕ್ಷೇಮವನ್ನು ತಾನೇ ಹೊರುವೆನೆಂದು ಭಗವಂತನು ಅಭಯವನ್ನು ಕೊಡುವುದು ಆ ಅಧ್ಯಾಯದಲ್ಲಿಯೇ ಎಂಬುದು ಎಲ್ಲರಿಗೂ ತಿಳಿದ ವಿಷಯ. ನಲವತ್ತು ವರ್ಷಗಳಿಂದ ಹೇಳಿ ಹೇಳಿ ಬಾಯಿಗೆ ರೂಢಿಯಾಗಿದ್ದ ಮಾತುಗಳನ್ನೇ ಅಂದೂ ಹೇಳಿ, ಮಂಗಳಾರತಿಯಾದ ಮೇಲೆ ಪುಸ್ತಕವನ್ನು ಕಟ್ಟುತ್ತಿದ್ದೆನು. ಆಗ ಹಿಂದೆ ನನ್ನ ತರಗತಿಯಲ್ಲಿ ಓದಿದ್ದ ಒಬ್ಬ ತರುಣನು ಹತ್ತಿರಕ್ಕೆ ಬಂದು, “ಮೇಷ್ಟ್ರೇ, ಭಕ್ತರ ಹೊರೆಯನ್ನು ದೇವರು ಹೊರುತ್ತಾನೆಂದು ಹೇಳಿದಿರಿ. ಬರಗಾಲದಲ್ಲಿ ಹಸಿದು ಸತ್ತವರಲ್ಲಿ ಭಕ್ತರು ಒಬ್ಬರೂ ಇರಲಿಲ್ಲವೇ?” ಎಂದು ಕೇಳಿದನು. ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಹಾಗಿದ್ದಿದ್ದರೆ ಉತ್ತರವು ನನಗೆ ಸುಲಭವಾಗುತ್ತಿತ್ತು. ನಾಳೆ ಹೇಳುವೆನೆಂದು ಅವನನ್ನು ಕಳುಹಿಸಿದೆನು. ಆ ನಾಳೆಯು ಬಂದು ಹಲವು ತಿಂಗಳುಗಳಾದುವು. ಅವನಿಗೆ ಹೇಳಬೇಕಾದುದನ್ನು ಈ ಪತ್ರಿಕೆಯ ವಾಚಕ ಮಹಾಶಯರ ಸಮಕ್ಷದಲ್ಲಿ ಹೇಳಲು ಈಗ ಯತ್ನಿಸುತ್ತೇನೆ. ತಪ್ಪಿದ್ದಲ್ಲಿ ಪ್ರಾಜ್ಞರು ತಿದ್ದಬೇಕು.

ಮೊದಲು ಶಬ್ದಾರ್ಥವನ್ನು ನೋಡೋಣ. ಇಲ್ಲದಿರುವುದು ದೊರೆಯುವುದು ‘ಯೋಗ’ವೆಂದೂ, ದೊರೆತದ್ದು ಉಳಿಯುವುದು ‘ಕ್ಷೇಮ’ವೆಂದೂ ಆಚಾರ್ಯರು ಅರ್ಥ ಹೇಳಿದ್ದಾರೆ. ಮನುಷ್ಯನ ಲೌಕಿಕ ಚಿಂತೆಗಳೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿವೆ. ಗೃಹಸ್ಥನು ಬೆಳಗ್ಗೆ ಎದ್ದು ರಾತ್ರಿ ಮಲಗುವವರೆಗೆ, ಇಲ್ಲದ್ದನ್ನು ತರುವುದು ಹೇಗೆ, ತಂದದ್ದನ್ನು ಉಳಿಸುವುದು ಹೇಗೆ ಎಂಬ ಎರಡರ ನಡುವೆಯೇ ಓಡಾಡುತ್ತಾನೆ. ಇಂಥವನಿಗೆ, ಆ ಹೊರೆಯನ್ನು ಇತ್ತ ಕೊಡು ಎಂದು ಒಬ್ಬನು ಕೈಚಾಚಿದರೆ ಅದಕ್ಕಿಂತ ಹಿರಿದಾದ ಸಮಾಧಾನವಿಲ್ಲ. ಆದಕಾರಣವೇ ಆ ಮಾತು ನಮ್ಮ ಮನೆಮನೆಗಳ ಗೋಡೆಯ ಮೇಲೆಯೂ, ಮನಸ್ಸಿನೊಳಗೂ ನೆಲೆಯಾಗಿ ನಿಂತಿದೆ. ಆದರೆ ಸಮಾಧಾನವನ್ನು ಕೊಡುವ ಮಾತೆಲ್ಲವೂ ಸತ್ಯವಾಗಿರಬೇಕೆಂಬ ನಿಯಮವಿಲ್ಲ. ಅದು ಸತ್ಯವೇ ಎಂಬುದನ್ನು ಒಳ್ಳೆಯ ಕಾಲದಲ್ಲಿ ಪರೀಕ್ಷಿಸಲಾಗುವುದಿಲ್ಲ. ಕೆಟ್ಟ ಕಾಲದಲ್ಲಿಯೇ ನೋಡಬೇಕು.

ಅಂಥ ಕಾಲಕ್ಕೆ ನಾವು ದೂರ ಹೋಗಬೇಕಾದುದಿಲ್ಲ. ಧಾತು ಸಂವತ್ಸರ, ಅದರ ಮುಂದಿನ ಈಶ್ವರ ಸಂವತ್ಸರ, ಅಂದರೆ 1876ರಿಂದ 1878ರವರೆಗಿನ ಕಾಲದಲ್ಲಿ ಮೈಸೂರು ಸೀಮೆಯನ್ನು ಹಿಡಿದ ಬರವು ಎಂಥದೆಂಬುದನ್ನು ಎರಡು ಅಂಕಿಗಳು ಹೇಳುತ್ತವೆ. 1871ರ ಜನಗಣತಿಯಲ್ಲಿ ಆ ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ಜನಸಂಖ್ಯೆಯು ಬೆಳೆಯದೆ ಇದ್ದುದಷ್ಟೇ ಅಲ್ಲ, ಎಂಟು ಲಕ್ಷ ಅರುವತ್ತೊಂಬತ್ತು ಸಾವಿರಕ್ಕೂ ಮೀರಿ ಕುಗ್ಗಿತು. ನನ್ನ ಅಜ್ಜಿಯು ತನ್ನ ಅಜ್ಜಿಯಿಂದ ಕೇಳಿದುದನ್ನು ನಮಗೆ ಹೇಳುತ್ತಿದ್ದಳು: ಕತ್ತಾಳೆಯ ಗೆಡ್ಡೆಯನ್ನು ಬೇಯಿಸಿ ತಿಂದರಂತೆ, ಇರುವೆಯ ಗೂಡನ್ನು ಅಗೆದು ಅದರೊಳಗಿನ ಹುಲ್ಲುಬೀಜವನ್ನು ಆರಿಸಿಕೊಂಡರಂತೆ, ದೇವರ ಗುಡಿಯ ಮುಂದೆಯೇ ಮಲಗಿದವರು ಬೆಳಗ್ಗೆ ಏಳಲಿಲ್ಲವಂತೆ. ಆ ಕೊನೆಯ ಮಾತನ್ನು ಹೇಳುವಾಗ ಅಜ್ಜಿಯು ದನಿಯನ್ನು ತಗ್ಗಿಸುತ್ತಿದ್ದಳು, ದೇವರಿಗೆ ಕೇಳಿಸಬಾರದೆಂಬಂತೆ. ತರುಣನ ಪ್ರಶ್ನೆಯು ಅದೇ. ಗುಡಿಯ ಮುಂದೆ ಮಲಗಿದವರಿಗೆ ನಂಬಿಕೆಯಿರಲಿಲ್ಲವೇ?

ಈ ಪ್ರಶ್ನೆಗೆ ಎರಡು ಅಗ್ಗದ ಉತ್ತರಗಳಿವೆ. ಅವರ ನಂಬಿಕೆಯು ಸಾಲದಾಗಿತ್ತು ಎಂಬುದು ಮೊದಲನೆಯದು. ಹೊಟ್ಟೆ ತುಂಬಿದವನು ಹಸಿದವನ ಭಕ್ತಿಯನ್ನು ತೂಗುವುದಕ್ಕಿಂತ ಹೀನವಾದ ಕೆಲಸವನ್ನು ನಾನರಿಯೆನು. ಹಾಗೆ ನೋಡಿದರೆ ಆ ವರ್ಷ ಉಂಡವರೆಲ್ಲರೂ ಭಕ್ತಶಿರೋಮಣಿಗಳೆಂದು ಒಪ್ಪಬೇಕಾಗುವುದು. ಕಣಜವನ್ನು ಮುಚ್ಚಿಟ್ಟು ಬೆಲೆಯೇರುವುದನ್ನು ಕಾದ ವರ್ತಕನು ಎಲ್ಲರಿಗಿಂತ ದೊಡ್ಡ ಭಕ್ತನಾಗಬೇಕಾಗುವುದು. ಅವರವರ ಪ್ರಾರಬ್ಧವೆಂಬುದು ಎರಡನೆಯ ಉತ್ತರ. ಕರ್ಮಸಿದ್ಧಾಂತವನ್ನು ನಾನು ಅಲ್ಲಗಳೆಯುವವನಲ್ಲ. ಗುರುಮುಖದಿಂದ ಅದನ್ನು ಕಲಿತವನು. ಆದರೆ ಆ ಸಿದ್ಧಾಂತವು ಮನುಷ್ಯನು ತನ್ನ ದುಃಖವನ್ನು ಸಹಿಸಿಕೊಳ್ಳುವುದಕ್ಕಾಗಿ ಕೊಟ್ಟ ಊರುಗೋಲೇ ಹೊರತು, ಪರರ ದುಃಖದಿಂದ ಮುಖ ತಿರುಗಿಸುವುದಕ್ಕಾಗಿ ಕೊಟ್ಟ ತೆರೆಯಲ್ಲ. ಹಸಿದವನ ಪ್ರಾರಬ್ಧವು ಅವನನ್ನು ನನ್ನ ಬಾಗಿಲಿಗೆ ತಂದಿತೆಂದರೆ, ಅವನಿಗೆ ಅನ್ನವಿಡುವ ಪ್ರಸಕ್ತಿಯು ನನ್ನ ಪ್ರಾರಬ್ಧದಿಂದಲೇ ನನಗೆ ಬಂದಿದೆಯೆಂದೂ ಹೇಳಬೇಕಲ್ಲವೇ? ಅವನ ಕರ್ಮವನ್ನು ಎಣಿಸುವಾಗ ನನ್ನ ಕರ್ಮವನ್ನು ಮರೆಯುವುದು ಶಾಸ್ತ್ರವಾಗದು.

ಈ ಎರಡನ್ನೂ ಬಿಟ್ಟ ಮೇಲೆ, ನಂಬಿಕೆಯೆಂಬುದರ ಸ್ವರೂಪವೇನೆಂದು ವಿಚಾರ ಮಾಡಬೇಕು. ನಂಬಿದವನು ಸುಮ್ಮನಿರತಕ್ಕದ್ದೋ, ಕೆಲಸ ಮಾಡತಕ್ಕದ್ದೋ ಎಂಬ ಜಿಜ್ಞಾಸೆಯು ಶ್ರೀವೈಷ್ಣವ ಪಂಥದಲ್ಲಿ ಬಹುಕಾಲ ನಡೆದು, ಎರಡು ನ್ಯಾಯಗಳಾಗಿ ಹೆಸರಾಗಿದೆ. ಕೋತಿಯ ಮರಿಯು ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದು ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿಯು ಏನನ್ನೂ ಮಾಡದು; ತಾಯಿಯೇ ಅದನ್ನು ಕಚ್ಚಿಕೊಂಡು ಹೋಗುತ್ತದೆ; ಇದು ಮಾರ್ಜಾಲಕಿಶೋರ ನ್ಯಾಯ. ವಡಗಲೆಯವರು ಮೊದಲನೆಯದನ್ನೂ ತೆಂಗಲೆಯವರು ಎರಡನೆಯದನ್ನೂ ಹಿಡಿದರೆಂದು ಹೇಳುವುದುಂಟು. ಆದರೆ ಬೆಕ್ಕಿನ ಮರಿಯೂ ಕೂಡ ತಾಯಿ ಕಚ್ಚಿದಾಗ ಒದ್ದಾಡದೆ ಮೈಯನ್ನು ಸಡಿಲಬಿಡುತ್ತದೆ ಎಂಬುದನ್ನು ಬೆಕ್ಕು ಸಾಕಿದವರೆಲ್ಲರೂ ಕಂಡಿರುತ್ತಾರೆ. ತಾಯಿಯ ಇಚ್ಛೆಗೆ ಒಪ್ಪಿಕೊಳ್ಳುವುದೇ ಅದರ ಕೆಲಸ. ಹಾಗಾದುದರಿಂದ ಈ ಎರಡು ಪಕ್ಷಗಳಿಗೂ ಸಮಾನವಾದುದೊಂದಿದೆ, ಅದು ವಿಧೇಯತೆ.

ಶರಣಾಗತಿಗೆ ಆರು ಅಂಗಗಳನ್ನು ಪಾಂಚರಾತ್ರ ಸಂಪ್ರದಾಯದವರು ಹೇಳುತ್ತಾರೆ. ಅವುಗಳ ಕ್ರಮವನ್ನು ಗಮನಿಸಬೇಕೆಂದು ನನ್ನ ಪ್ರಾರ್ಥನೆ. ಭಗವಂತನಿಗೆ ಅನುಕೂಲವಾದುದನ್ನು ಮಾಡುವೆನೆಂಬ ಸಂಕಲ್ಪವು ಮೊದಲನೆಯದು; ಪ್ರತಿಕೂಲವಾದುದನ್ನು ಬಿಡುವುದು ಎರಡನೆಯದು; ಅವನು ಕಾಪಾಡುವನೆಂಬ ವಿಶ್ವಾಸವು ಮೂರನೆಯದು; ಕಾಪಾಡೆಂದು ಬೇಡಿಕೊಳ್ಳುವುದು, ತನ್ನನ್ನು ಒಪ್ಪಿಸಿಬಿಡುವುದು, ತನ್ನ ದೈನ್ಯವನ್ನು ಅರಿಯುವುದು ಎಂಬಿವು ಉಳಿದ ಮೂರು. ನಾವಾದರೋ ಮೊದಲೆರಡನ್ನು ಹಾರಿ ಮೂರನೆಯ ಮೆಟ್ಟಿಲಿನ ಮೇಲೆ ಹೋಗಿ ಕುಳಿತುಕೊಳ್ಳುತ್ತೇವೆ. ಕಾಪಾಡುವನೆಂಬ ವಿಶ್ವಾಸವು ನಮಗೆ ಬೇಕು. ಆತನಿಗೆ ಹಿತವಾದುದನ್ನು ಮಾಡುವ ಸಂಕಲ್ಪವು ಮಾತ್ರ ಬೇಡ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬ ಗಾದೆಯನ್ನು ಹೇಳುವಾಗ, ಆ ದೇವರು ನಮಗೆ ಏನನ್ನಾದರೂ ಹೇಳಿದ್ದಾನೆಯೇ ಎಂಬುದನ್ನು ನಾವು ಕೇಳಿಕೊಳ್ಳುವುದಿಲ್ಲ.

ಕಷ್ಟಕಾಲದಲ್ಲಿ ವಿಧೇಯತೆಯೆಂದರೆ ಏನೆಂಬುದಕ್ಕೆ ಛಾಂದೋಗ್ಯೋಪನಿಷತ್ತಿನಲ್ಲಿ ಬರುವ ಉಷಸ್ತಿಯ ಕಥೆಗಿಂತ ಉತ್ತಮವಾದ ನಿದರ್ಶನವು ನನಗೆ ತೋರದು. ಕುರುದೇಶದ ಪೈರೆಲ್ಲವೂ ಹಾಳಾಗಿತ್ತು. ಆಲಿಕಲ್ಲಿನ ಮಳೆಯಿಂದಲೆಂದು ಕೆಲವರೂ ಮಿಡಿತೆಗಳಿಂದಲೆಂದು ಕೆಲವರೂ ಅರ್ಥ ಹೇಳುತ್ತಾರೆ. ಚಾಕ್ರಾಯಣನಾದ ಉಷಸ್ತಿಯು ಹೆಂಡತಿಯೊಡನೆ ಆನೆಯನ್ನು ಸಾಕುವವನೊಬ್ಬನ ಊರಿನಲ್ಲಿ ದಿಕ್ಕಿಲ್ಲದೆ ಇದ್ದನು. ಆ ಆನೆಯವನು ಹುರುಳಿಯನ್ನು ತಿನ್ನುತ್ತಿರುವುದನ್ನು ಕಂಡು ಬೇಡಿದನು. ನನ್ನ ಎಂಜಲಾದ ಇದರ ಹೊರತು ಬೇರಿಲ್ಲವೆಂದು ಅವನು ಹೇಳಿದಾಗ, ಅದನ್ನೇ ಕೊಡೆಂದು ತೆಗೆದುಕೊಂಡು ತಿಂದನು. ಆಮೇಲೆ ಅವನು ನೀರನ್ನು ಕೊಡಹೋದಾಗ ಮಾತ್ರ, ಎಂಜಲು ನೀರು ಬೇಡವೆಂದನು. ಹುರುಳಿ ಎಂಜಲಲ್ಲವೇ ಎಂದು ಆನೆಯವನು ಕೇಳಿದ್ದಕ್ಕೆ, ಹುರುಳಿಯನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕೆಂದಲ್ಲಿ ಸಿಕ್ಕುತ್ತದೆ ಎಂದು ಉತ್ತರ ಕೊಟ್ಟನು.

ನಿಯಮವನ್ನು ಮುರಿಯಬೇಕಾಗಿ ಬಂದಾಗ ಎಷ್ಟು ಅಗತ್ಯವೋ ಅಷ್ಟನ್ನೇ ಮುರಿದು, ಉಳಿದುದನ್ನು ಉಳಿಸಿಕೊಂಡನೆಂಬುದು ಇಲ್ಲಿಯ ಸಾರಸ್ಯ. ಆಪತ್ತಿನ ಹೆಸರಿನಲ್ಲಿ ಎಲ್ಲವನ್ನೂ ಬಿಟ್ಟುಬಿಡುವುದು ಸುಲಭ. ಧರ್ಮದ ಹೆಸರಿನಲ್ಲಿ ಪ್ರಾಣವನ್ನು ನೀಗುವುದೂ ಒಂದು ಬಗೆಯಲ್ಲಿ ಸುಲಭವೇ. ಇವೆರಡರ ನಡುವಿನ ದಾರಿಯನ್ನು ದಿನದಿನವೂ ಹುಡುಕುವುದು ಕಷ್ಟ. ಇನ್ನೂ ಒಂದು ವಿಷಯವಿದೆ. ಮಿಕ್ಕ ಹುರುಳಿಯನ್ನು ಉಷಸ್ತಿಯು ಹೆಂಡತಿಗೆ ತಂದುಕೊಟ್ಟನು. ಆಕೆಗೆ ಅಷ್ಟರಲ್ಲಿ ಬೇರೆ ಕಡೆ ಭಿಕ್ಷೆಯು ದೊರೆತಿತ್ತು. ಆದುದರಿಂದ ಅದನ್ನು ಎತ್ತಿಟ್ಟಳು. ಮರುದಿನ ಬೆಳಗ್ಗೆ, ಸ್ವಲ್ಪ ಆಹಾರವು ಸಿಕ್ಕಿದ್ದರೆ ರಾಜನ ಯಜ್ಞಕ್ಕೆ ಹೋಗಿ ಧನವನ್ನು ಪಡೆಯಬಹುದಾಗಿತ್ತೆಂದು ಅವನು ಹಲುಬಿದಾಗ, ಆಕೆ ಆ ಹುರುಳಿಯನ್ನೇ ಮುಂದಿಟ್ಟಳು. ಅದನ್ನು ತಿಂದು ಹೋಗಿ ಯಜ್ಞಶಾಲೆಯಲ್ಲಿ ಅವನು ಋತ್ವಿಜರಿಗೆ ಉಪದೇಶ ಮಾಡಿದ ವಿದ್ಯೆಗಳಲ್ಲಿ, ಅನ್ನವೇ ದೇವತೆಯೆಂಬುದೂ ಒಂದು. ಆ ಮಾತನ್ನಾಡುವ ಅಧಿಕಾರವು ಅವನಿಗೆ ಎಲ್ಲಿಂದ ಬಂತೆಂಬುದನ್ನು ವಾಚಕರು ಊಹಿಸಬಹುದು. ಆ ಹೆಂಡತಿಯು ಎತ್ತಿಟ್ಟದ್ದನ್ನು ಅಪನಂಬಿಕೆಯೆಂದು ಯಾರಾದರೂ ಹೇಳುವರೇ? ಮಿತವ್ಯಯವು ನಂಬಿಕೆಗೆ ವಿರೋಧಿಯಲ್ಲ.

ಹಾಗಾದರೆ ಎತ್ತಿಡುವುದು ಎಲ್ಲಿಯವರೆಗೆ ಧರ್ಮ, ಎಲ್ಲಿಂದ ಮುಂದೆ ಲೋಭ? ಇದಕ್ಕೆ ಉತ್ತರವನ್ನು ಕನ್ನಡನಾಡಿನ ಒಬ್ಬ ಶರಣೆಯ ಬಾಳಿನಲ್ಲಿ ಕಾಣಬಹುದು. ಹನ್ನೆರಡನೆಯ ಶತಮಾನದಲ್ಲಿ, ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳು, ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹ ನಡೆಸುವುದನ್ನು ಕಾಯಕವನ್ನಾಗಿ ಮಾಡಿಕೊಂಡಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಲೆಯ ಮೇಲಿಡಲಿಲ್ಲ. ಇಂದಿಗೆ ಬೇಕಾದುದಕ್ಕಿಂತ ಮಿಗಿಲಾದುದು ನಮಗೆ ಸಲ್ಲದೆಂದು ಹೇಳಿ, ಹೆಚ್ಚಿನದನ್ನು ತಂದ ಕಡೆಯಲ್ಲಿಯೇ ಸುರಿದುಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಬಡವಳು ಅಕ್ಕಿಯನ್ನು ಹಿಂದಿರುಗಿಸಿದಳು! ನಾಳೆಯ ಒಡೆಯನು ನಾನಲ್ಲ ಎಂದು ಬಾಯಲ್ಲಿ ಹೇಳುವವರು ಬಹಳ. ಚೀಲವನ್ನು ಬಿಚ್ಚಿ ಹೇಳಿದವಳು ಆಕೆ. ನಾನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದುಕೊಂಡರೆ ನನ್ನ ಹಿಂದೆ ಆಯಲು ಬರುವವನಿಗೆ ನೆಲವು ಬರಿದಾಗುತ್ತದೆಯೆಂಬ ಅರಿವು ಅಲ್ಲಿದೆ. ಉಷಸ್ತಿಯ ಹೆಂಡತಿಯು ಎತ್ತಿಟ್ಟದ್ದು ಒಂದು ಹೊತ್ತಿನ ಹುರುಳಿಯನ್ನು. ಅದರಿಂದ ಯಾರ ತುತ್ತೂ ತಪ್ಪಲಿಲ್ಲ. ಲಕ್ಕಮ್ಮನು ಎತ್ತಿಡದೆ ಬಿಟ್ಟದ್ದು ಇನ್ನೊಬ್ಬರ ತುತ್ತಾಗಬಹುದಾದುದನ್ನು. ನನ್ನ ಸಂಗ್ರಹವು ಪರರ ಊಟಕ್ಕೆ ಅಡ್ಡವಾಗುವ ಸ್ಥಳದಲ್ಲಿ ಗೆರೆಯಿದೆ.

ಈಗ ತರುಣನ ಪ್ರಶ್ನೆಗೆ ಹಿಂದಿರುಗೋಣ. 1876ರಲ್ಲಿ ಮಳೆಯು ಹೋದುದು ನಿಜ. ಆದರೆ ಭರತಖಂಡದಲ್ಲೆಲ್ಲಾ ಧಾನ್ಯವು ಇಲ್ಲದೆ ಹೋಗಿರಲಿಲ್ಲ. ಬೆಂಗಳೂರಿಗೆ ರೈಲುದಾರಿಯು 1864ರಲ್ಲಿಯೇ ಬಂದಿತ್ತು. ಹಡಗುಗಳು ನಮ್ಮ ದೇಶದ ಬಂದರುಗಳಿಂದ ಗೋಧಿಯನ್ನು ಹೊತ್ತು ಹೊರದೇಶಗಳಿಗೆ ಆ ವರ್ಷಗಳಲ್ಲಿಯೂ ಹೋಗುತ್ತಲೇ ಇದ್ದುವು. ವ್ಯಾಪಾರದಲ್ಲಿ ಸರ್ಕಾರವು ಕೈಹಾಕಕೂಡದೆಂಬುದು ಆಗಿನ ಆಳರಸರ ಸಿದ್ಧಾಂತವಾಗಿತ್ತು. 1943ರ ಬಂಗಾಳದ ಕ್ಷಾಮವನ್ನು ಒಂಬತ್ತು ವರ್ಷದ ಬಾಲಕನಾಗಿ ಕಂಡ ಅಮರ್ತ್ಯ ಸೇನರು, 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದುದೂ ಇದನ್ನೇ: ಕ್ಷಾಮದಲ್ಲಿ ಜನರು ಸಾಯುವುದು ಅನೇಕ ವೇಳೆ ಅನ್ನವೇ ಇಲ್ಲದುದರಿಂದಲ್ಲ, ಇರುವ ಅನ್ನವನ್ನು ಪಡೆಯುವ ದಾರಿ ಅವರಿಗೆ ಇಲ್ಲದುದರಿಂದ. ಅರ್ಥಶಾಸ್ತ್ರವು ನನ್ನ ವಿಷಯವಲ್ಲ. ಆದರೆ ಈ ಮಾತನ್ನು ಓದಿದಾಗ, ದೇವರು ಕೊಡಲಿಲ್ಲವೆಂದು ನಾವು ಹೇಳುವ ಎಷ್ಟೋ ಸ್ಥಳಗಳಲ್ಲಿ, ದೇವರು ಕೊಟ್ಟದ್ದು ದಾರಿಯಲ್ಲಿ ಯಾರದೋ ಕೈಯಲ್ಲಿ ನಿಂತುಹೋಗಿದೆಯೆಂದು ನನಗೆ ತೋರಿತು. ಗುಡಿಯ ಮುಂದೆ ಮಲಗಿದವರ ನಂಬಿಕೆಯಲ್ಲಿ ಕೊರತೆಯಿರಲಿಲ್ಲ; ಅನ್ನವು ಯಾರ ಕೈದಾಟಿ ಬರಬೇಕಾಗಿತ್ತೋ ಅವರ ವಿಧೇಯತೆಯಲ್ಲಿ ಕೊರತೆಯಿತ್ತು.

ಮಂಗಳವೇಢೆಯ ದಾಮಾಜಿಪಂತನ ಐತಿಹ್ಯವು ಈ ತತ್ತ್ವವನ್ನೇ ಹೇಳುತ್ತದೆ. ಬಿದರೆಯ ಸುಲ್ತಾನನ ಅಧಿಕಾರಿಯಾಗಿದ್ದ ಆತನು ಭಾರಿ ಬರದಲ್ಲಿ ಸರ್ಕಾರದ ಕಣಜಗಳನ್ನು ತೆರೆಯಿಸಿ ಹಸಿದವರಿಗೆ ಹಂಚಿದನು. ತನ್ನ ತಲೆಗೆ ಬರುವುದೇನೆಂಬುದು ಆತನಿಗೆ ತಿಳಿದೇ ಇತ್ತು. ಆತನನ್ನು ಹಿಡಿದು ಬಿದರೆಗೆ ಒಯ್ಯುವುದರೊಳಗೆ ಪಂಢರಪುರದ ವಿಠ್ಠಲನೇ ವಿಠೂ ಎಂಬ ಮಹಾರ ಸೇವಕನ ರೂಪದಿಂದ ಹೋಗಿ, ಧಾನ್ಯದ ಬೆಲೆಯನ್ನು ಸುಲ್ತಾನನ ಮುಂದೆ ಸುರಿದನೆಂದು ಭಕ್ತರು ಹೇಳುತ್ತಾರೆ. ದೇವರು ಬಂದನೋ ಇಲ್ಲವೋ ಎಂಬುದನ್ನು ಇತಿಹಾಸಕಾರರು ಚರ್ಚಿಸಲಿ. ಕಥೆಯಲ್ಲಿ ನನಗೆ ಮುಖ್ಯವಾಗಿ ತೋರುವುದು ಎರಡು ಅಂಶಗಳು. ದೇವರು ಆಕಾಶದಿಂದ ಧಾನ್ಯವನ್ನು ಸುರಿಸಲಿಲ್ಲ. ಧಾನ್ಯವು ಊರಿನಲ್ಲಿಯೇ ಇತ್ತು. ಬೀಗದ ಕೈಯುಳ್ಳವನ ಮನಸ್ಸು ತೆರೆಯಬೇಕಾಗಿತ್ತು. ಬೀಗವನ್ನು ತೆರೆದವನ ಸಹಾಯಕ್ಕೆ ಬಂದ ದೇವರಾದರೂ, ಊರು ಹೊರಗಿಟ್ಟವನ ವೇಷದಿಂದ ಬಂದನು. ಸಹಾಯವು ನಾವು ನಿರೀಕ್ಷಿಸಿದ ಬಾಗಿಲಿನಿಂದಲೇ, ನಾವು ಗೌರವಿಸುವವರ ಕೈಯಿಂದಲೇ ಬರಬೇಕೆಂಬ ಹಟವೂ ಒಂದು ಅಪನಂಬಿಕೆಯೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾಗುವುದು. ವಿಧೇಯನಾದವನಿಗೆ ತಪ್ಪದೆ ಊಟ ಸಿಕ್ಕುವುದೆಂದು ನಮ್ಮ ಹಿರಿಯರು ಎಲ್ಲಿಯೂ ಚೀಟಿ ಬರೆದುಕೊಟ್ಟಿಲ್ಲ. ಮಹಾಭಾರತದ ಅಶ್ವಮೇಧಿಕ ಪರ್ವದಲ್ಲಿ ಮುಂಗುಸಿಯು ಹೇಳುವ ಕಥೆಯನ್ನು ನೆನೆಯಿರಿ. ಕುರುಕ್ಷೇತ್ರದಲ್ಲಿ ಉಂಛವೃತ್ತಿಯಿಂದ ಬಾಳುತ್ತಿದ್ದ ಬ್ರಾಹ್ಮಣನ ಮನೆಯಲ್ಲಿ ಬರಗಾಲದ ಒಂದು ದಿನ ಒಂದಿಷ್ಟು ಜವೆಗೋಧಿಯ ಹಿಟ್ಟಾಯಿತು. ಗಂಡ, ಹೆಂಡತಿ, ಮಗ, ಸೊಸೆ ನಾಲ್ವರೂ ಪಾಲು ಮಾಡಿಕೊಂಡು ಕುಳಿತಾಗ ಅತಿಥಿಯೊಬ್ಬನು ಬಂದನು. ಒಬ್ಬೊಬ್ಬರಾಗಿ ನಾಲ್ವರೂ ತಮ್ಮ ತಮ್ಮ ಪಾಲನ್ನು ಆತನಿಗೆ ಬಡಿಸಿದರು. ಬಂದಾತನು ಧರ್ಮದೇವತೆ, ಅವರಿಗೆ ಸ್ವರ್ಗವು ದೊರೆಯಿತು. ಆದರೆ ಹಿಟ್ಟು ದೊರೆಯಲಿಲ್ಲ! ಆ ಮನೆಯ ನೆಲದಲ್ಲಿ ಹೊರಳಿ ಅರ್ಧ ಮೈ ಚಿನ್ನವಾದ ಮುಂಗುಸಿಗೆ, ಮಿಕ್ಕರ್ಧವು ಧರ್ಮರಾಯನ ಅಶ್ವಮೇಧದ ಅನ್ನರಾಶಿಯಲ್ಲಿ ಹೊರಳಿದರೂ ಚಿನ್ನವಾಗಲಿಲ್ಲ. ನಂಬಿಕೆಯು ವ್ಯಾಪಾರವಲ್ಲವೆಂದು ಇದಕ್ಕಿಂತ ನಿಷ್ಠುರವಾಗಿ ಹೇಳಲು ಸಾಧ್ಯವಿಲ್ಲ. ಇಷ್ಟು ಕೊಟ್ಟೆ, ಇಷ್ಟು ಹಿಂದಕ್ಕೆ ಬರಲಿ ಎನ್ನುವವನು ದೇವರನ್ನು ನಂಬಿದವನಲ್ಲ, ಬಡ್ಡಿಯನ್ನು ನಂಬಿದವನು.

ಇನ್ನು ನನ್ನ ಮಾತು. ಪುರಾಣವನ್ನು ಹೇಳಿ ತನ್ನನ್ನು ಮರೆಸಿಕೊಳ್ಳುವ ಅಭ್ಯಾಸವು ಮೇಷ್ಟ್ರುಗಳಲ್ಲಿ ಇದೆ. ಆದುದರಿಂದ ಇದನ್ನೂ ಹೇಳಬೇಕು.

1970ರ ಸುಮಾರಿನಲ್ಲಿ ನಾನು ಪಾಠಶಾಲೆಯಲ್ಲಿ ವಾರಾನ್ನದ ಹುಡುಗನಾಗಿದ್ದೆನು. ವಾರದ ಏಳು ದಿನಗಳಿಗೆ ಏಳು ಮನೆಗಳು. ಗುರುವಾರದ ಮನೆಯು ಒಬ್ಬ ಅರ್ಚಕರದು. ಇನಾಮು ಜಮೀನು ಹೋಗಿತ್ತು. ತಸ್ತೀಕಿನ ಹಣವು ಯಾವಾಗಲೋ ಒಮ್ಮೆ ಬರುತ್ತಿತ್ತು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಆ ತಾಯಿಯು ನನಗೂ ಮಕ್ಕಳಿಗೂ ಎಲೆ ಹಾಕಿ ಅನ್ನ ಸಾರು ಬಡಿಸುತ್ತಿದ್ದಳು. ನಾನು ಒಮ್ಮೆ, “ಅಮ್ಮಾ, ತಾವು ಊಟ ಮಾಡುವುದಿಲ್ಲವೇ?” ಎಂದು ಕೇಳಿದ್ದಕ್ಕೆ, “ನನಗೆ ಗುರುವಾರ ಉಪವಾಸ, ಮಗು. ರಾಯರಿಗೆ ಹರಕೆ ಹೊತ್ತಿದ್ದೇನೆ” ಎಂದಳು. ನನಗೆ ಆಕೆಯ ಭಕ್ತಿಯಲ್ಲಿ ಬಹಳ ಗೌರವವುಂಟಾಯಿತು. ಕೆಲವು ತಿಂಗಳುಗಳಾದ ಮೇಲೆ ಬೇರೊಂದು ಮನೆಯವರ ಅನುಕೂಲಕ್ಕಾಗಿ ನನ್ನ ವಾರಗಳು ಬದಲಾದುವು. ಅರ್ಚಕರ ಮನೆಗೆ ಶನಿವಾರ ಹೋಗುವಂತಾಯಿತು. ಮೊದಲನೆಯ ಶನಿವಾರವೂ ಆಕೆ ಊಟಕ್ಕೆ ಕೂಡಲಿಲ್ಲ. ಕೇಳಿದೆನು. “ಶನಿವಾರ ನನಗೆ ಉಪವಾಸ, ಮಗು. ವೆಂಕಟರಮಣನಿಗೆ ಹರಕೆ” ಎಂದಳು.

ಕೈಯಲ್ಲಿ ಕಲಸಿದ ತುತ್ತು ಹಾಗೆಯೇ ನಿಂತಿತು. ನಾನು ತರ್ಕಸಂಗ್ರಹವನ್ನು ಓದುತ್ತಿದ್ದ ಹುಡುಗ; ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ವಿದ್ಯೆಯನ್ನು ಕಲಿತಿದ್ದವನು. ಆಕೆಯ ಹರಕೆಯು ರಾಯರಿಗೂ ಅಲ್ಲ, ವೆಂಕಟರಮಣನಿಗೂ ಅಲ್ಲ, ನಾನು ಬಂದ ದಿನಕ್ಕೆ ಎಂಬುದು ತಿಳಿದುಹೋಯಿತು. ಆದರೂ ಆ ತುತ್ತನ್ನು ನುಂಗಿದೆನು. ಆ ಸಂಜೆ ಗುರುಗಳ ಬಳಿಗೆ ಹೋಗಿ, ಇನ್ನು ಆ ಮನೆಗೆ ಹೋಗುವುದಿಲ್ಲವೆಂದು ಅತ್ತೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹೋಗುವುದನ್ನು ಬಿಡಬೇಡ, ಬಿಟ್ಟರೆ ಆಕೆಯ ವ್ರತಕ್ಕೆ ಭಂಗ ಬರುತ್ತದೆ. ಉಂಡದ್ದನ್ನು ಮರೆಯಬೇಡ. ಅಷ್ಟೇ ನಿನಗೆ ವಿಧಿ” ಎಂದರು. ಓದು ಮುಗಿಯುವವರೆಗೂ ಶನಿವಾರಗಳಂದು ಅಲ್ಲಿಯೇ ಉಂಡೆನು. ಆ ಎರಡು ವರ್ಷಗಳ ನನ್ನ ಯೋಗಕ್ಷೇಮವನ್ನು ಭಗವಂತನು ಹೊತ್ತನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅವನು ಯಾರ ಹೊಟ್ಟೆಯ ಮೇಲೆ ಅದನ್ನು ಹೊತ್ತನೆಂಬುದನ್ನೂ ಬಲ್ಲೆನು.

ಇಂಥ ಅನ್ನದಿಂದ ಬೆಳೆದವನು 2020ರಲ್ಲಿ ಏನು ಮಾಡಿದನೆಂಬುದನ್ನು ಕೇಳಿರಿ. ಮಾರ್ಚಿ ತಿಂಗಳ 25ರಿಂದ ದೇಶವೆಲ್ಲಾ ಬಾಗಿಲು ಹಾಕಿತು. ನನಗೆ ಪಿಂಚಣಿಯು ತಪ್ಪದೆ ಬರುತ್ತಿತ್ತು. ಮುಂದೇನಾಗುವುದೋ ಎಂಬ ಭಯದಿಂದ ಎರಡು ಚೀಲ ಅಕ್ಕಿಯನ್ನು ತರಿಸಿ ಅಟ್ಟದ ಮೇಲೆ ಇಡಿಸಿದ್ದೆನು. ಏಪ್ರಿಲಿನ ಒಂದು ಮಧ್ಯಾಹ್ನ, ಮದುವೆಮನೆಗಳಲ್ಲಿ ಅಡಿಗೆಯವರ ಜೊತೆಗೆ ಕೆಲಸಕ್ಕೆ ಹೋಗುತ್ತಿದ್ದ ಬೀದಿಯ ಒಬ್ಬಾತನು ಬಂದು ಗೇಟಿನ ಹೊರಗೆ ನಿಂತನು. ಮದುವೆಗಳೆಲ್ಲಾ ನಿಂತಿದ್ದುವು. ನಾಲ್ಕು ಸೇರು ಅಕ್ಕಿಯನ್ನು ಸಾಲವಾಗಿ ಕೇಳಿದನು. ಪಡಿತರ ಬರುತ್ತದೆಯಲ್ಲವೇ ಎಂದು ನಾನು ಕಿಟಕಿಯಿಂದಲೇ ವಿಚಾರಿಸಿ, ಒಂದು ಸೇರನ್ನು ಕೊಡಿಸಿ, “ದೇವರಿದ್ದಾನಪ್ಪಾ, ನಡೆಸುತ್ತಾನೆ” ಎಂದು ಹೇಳಿ ಕಳುಹಿಸಿದೆನು. ಮಾತು ಎಷ್ಟು ಸುಲಭವಾಗಿ ಬಂತು! ಆ ರಾತ್ರಿ ಬಡಿಸುತ್ತಾ ನನ್ನ ಹೆಂಡತಿಯು, “ದೇವರು ನಡೆಸುತ್ತಾನೆ ಎಂದಿರಿ. ಹಾಗಾದರೆ ಅಟ್ಟದ ಮೇಲಿನ ಎರಡು ಚೀಲವನ್ನು ಯಾರನ್ನು ನಂಬದೆ ಇಟ್ಟಿದ್ದೀರಿ?” ಎಂದು ಕೇಳಿದಳು. ಮಜ್ಜಿಗೆಯನ್ನ ಗಂಟಲಿಗೆ ಇಳಿಯಲಿಲ್ಲ. ಐವತ್ತು ವರ್ಷಗಳ ಹಿಂದೆ ಕೈಯಲ್ಲಿ ನಿಂತ ತುತ್ತು ನೆನಪಿಗೆ ಬಂತು.

ಮರುದಿನ ಬೆಳಗ್ಗೆ ಒಂದು ಚೀಲವನ್ನು ಇಳಿಸಿ ಸೈಕಲ್ಲಿನ ಮೇಲೆ ಹೊರಿಸಿಕೊಂಡು ಅವನ ಮನೆಗೆ ಹೋದೆನು. ಹಿಂದಿನ ದಿನದ ಒಂದು ಸೇರಿನಲ್ಲಿ ಎರಡು ಪಾವನ್ನು ಅವನ ಹೆಂಡತಿಯು ಹಿಂದಿನ ವಠಾರದಲ್ಲಿ ಸಿಕ್ಕಿಕೊಂಡಿದ್ದ ಕೂಲಿಯವರಿಗೆ ಅಳೆದುಕೊಟ್ಟಿದ್ದಳೆಂಬುದು ಅಲ್ಲಿ ತಿಳಿಯಿತು. ಅವಳು ಅದನ್ನು ದೊಡ್ಡದಾಗಿ ಹೇಳಲಿಲ್ಲ. ಚೀಲವನ್ನು ಎಲ್ಲಿ ಇಳಿಸಬೇಕೆಂದು ಯೋಚಿಸುತ್ತಾ, ಅವರಿಗೂ ಇದರಲ್ಲಿ ಕೊಡಬಹುದಲ್ಲವೇ ಎಂದು ನನ್ನ ಅನುಮತಿಯನ್ನು ಕೇಳಿದಳು, ಅಷ್ಟೇ. ಗೀತೆಯನ್ನು ಹೇಳುವ ಅಧಿಕಾರವು ಆ ಬೀದಿಯಲ್ಲಿ ಯಾರಿಗಿದೆಯೆಂಬುದು ಅಂದು ನನಗೆ ಗೊತ್ತಾಯಿತು.

ಆದುದರಿಂದ ತರುಣ ಮಿತ್ರನಿಗೆ ನಾನು ಹೇಳಬಹುದಾದುದು ಇಷ್ಟು. ಬರದಲ್ಲಿ ಸತ್ತವರಲ್ಲಿ ಭಕ್ತರಿದ್ದರು. ನಮಗಿಂತ ದೊಡ್ಡ ಭಕ್ತರಿದ್ದರು. ಅವರ ಸಾವಿಗೆ ಪೂರ್ತಿಯಾದ ಸಮಾಧಾನವನ್ನು ನಾನು ಹೇಳಲಾರೆನು. ಹೇಳಬಲ್ಲೆನೆಂಬವರನ್ನು ನೀನೂ ನಂಬಬೇಡ. ಆದರೆ ಭಗವಂತನು ಯೋಗಕ್ಷೇಮವನ್ನು ಹೊರುವೆನೆಂದ ಮಾತನ್ನು ಹಸಿದವನಿಗೆ ಹೇಳುವ ಉಪದೇಶವೆಂದು ನಾನು ಇಷ್ಟು ದಿನ ತಿಳಿದಿದ್ದೆನು. ಈಗ ನೋಡಿದರೆ ಅದು ಉಂಡವನಿಗೆ ಕೊಟ್ಟ ಆಜ್ಞೆಯೂ ಆಗಿದೆ. ಹೊರುವವನು ಅವನು, ಹೆಗಲು ನಮ್ಮದು. ನಮ್ಮ ಕಷ್ಟದಲ್ಲಿ ಆ ಮಾತನ್ನು ವಿಶ್ವಾಸವಾಗಿ ಹಿಡಿಯೋಣ. ಪರರ ಕಷ್ಟದಲ್ಲಿ ಅದನ್ನು ವಿಧಿಯಾಗಿ ಹಿಡಿಯೋಣ. ಇವೆರಡನ್ನು ಅದಲುಬದಲು ಮಾಡಿ, ನಮ್ಮ ಕಷ್ಟದಲ್ಲಿ ಚೀಲವನ್ನೂ ಪರರ ಕಷ್ಟದಲ್ಲಿ ದೇವರನ್ನೂ ನೆನೆಯುವುದೇ ನಾಸ್ತಿಕ್ಯವೆಂದು ನನಗೆ ತೋರುತ್ತದೆ.

ನಮ್ಮ ಹಿರಿಯರ ಮನೆಗಳಲ್ಲಿ ಅನ್ನಕ್ಕೆ ಅಕ್ಕಿಯನ್ನು ಅಳೆಯುವಾಗ ಒಂದು ಹಿಡಿಯನ್ನು ಬೇರೆಯ ಗಡಿಗೆಗೆ ಹಾಕುವ ಪದ್ಧತಿಯಿತ್ತು. ಇದ್ದ ವರ್ಷವೂ ಹಾಕುತ್ತಿದ್ದರು. ಇಲ್ಲದ ವರ್ಷ ಹಿಡಿಯು ಚಿಕ್ಕದಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಆ ಗಡಿಗೆಯು ನಮ್ಮ ಮನೆಯಲ್ಲಿ ಬಹುಕಾಲ ಅಟ್ಟದ ಮೇಲೆ ಬೋರಲು ಬಿದ್ದಿತ್ತು. 2020ರ ಆ ಬೆಳಗ್ಗೆ ಅಕ್ಕಿಯ ಚೀಲವನ್ನು ಇಳಿಸುವಾಗ ಅದೂ ಕೆಳಗೆ ಬಂತು. ಈಗ ಒಲೆಯ ಪಕ್ಕದಲ್ಲಿದೆ. ಪ್ರತಿ ಶನಿವಾರ ಅದನ್ನು ಬರಿದು ಮಾಡುವ ಕೆಲಸವು ನನ್ನದು.